ಮುಂದಿನ ಆಕ್ಸಲ್ ಸೀಲ್ ಸೋರಿದರೆ ಬಾಲ್ ಜಾಯಿಂಟೂ ಹಾಕಿಸಬೇಕಾ?

ಪ್ರಶ್ನೆ: ನನ್ನದು ಫೋರ್ ಬೈ ಫೋರ್ ಪಿಕಪ್. 1 ಲಕ್ಷ 10 ಸಾವಿರ ಕಿ.ಮೀ. ಓಡಿದೆ. ಮುಂದೆ ಎಡಗಡೆಯ ಆಕ್ಸಲ್ ಸೀಲ್ ಸೋರುತ್ತಿದೆ. ಗ್ಯಾರೇಜಿಗೆ ಹೋದರೆ ‘ಬಾಲ್ ಜಾಯಿಂಟೂ ಹೋಗಿದೆ, ಒಟ್ಟಿಗೇ ಹಾಕುವ’ ಅಂದರು. ಅದು ನಿಜವಾಗಿ ಬೇಕಾ, ಸುಮ್ನೆ ಬಿಲ್ ಏರಿಸುವುದಾ? ಇದೇ ಸೀಲನ್ನು ಕಳೆದ ವರ್ಷವೂ ಹಾಕಿಸಿದ್ದೆ.
(ಕಾರ್ಕಳದ ಓದುಗರೊಬ್ಬರು)

ಉತ್ತರ: ಬಾಲ್ ಜಾಯಿಂಟಲ್ಲಿ ಆಟ (ಸವೆದು ಬಂದ ಸಡಿಲ) ಇದ್ದರೆ ಒಟ್ಟಿಗೇ ಹಾಕಿಸಿ. ಆಟವೂ ಇಲ್ಲ, ರಬ್ಬರ್ ಬೂಟೂ ಹರಿದಿಲ್ಲ ಅಂದರೆ ಅದನ್ನು ಮುಟ್ಟಿಸಬೇಡಿ. ಆಟ ಉಂಟಾ ಇಲ್ವಾ ಅಂತ ನಿಮ್ಮ ಮನೆಯಂಗಳದಲ್ಲೇ ನೋಡಬಹುದು, ಹೇಗೆ ಅಂತ ಮುಂದೆ ಹೇಳುತ್ತೇನೆ. ಆದರೆ ನನಗೆ ಜಾಸ್ತಿ ಚಿಂತೆ ಆದದ್ದು ನಿಮ್ಮ ಕೊನೆಯ ಸಾಲು ಓದಿ. ಹೊಸ ಸೀಲ್ ಒಂದೇ ವರ್ಷಕ್ಕೆ ಸೋರಿದರೆ, ಹೆಚ್ಚಾಗಿ ಕಾರಣ ಬೇರೆ ಕಡೆ ಇರುತ್ತದೆ.

ಮೊದಲು ಎರಡು ಕೆಲಸಕ್ಕೂ ಏನು ಸಂಬಂಧ ಅಂತ ನೋಡೋಣ. ವಿ-ಕ್ರಾಸ್, ಹೈಲಕ್ಸ್ ಥರದ ಪಿಕಪ್‌ಗಳಲ್ಲಿ ಮುಂದಿನ ಡಿಫರೆನ್ಷಿಯಲ್ (ಎಂಜಿನ್ನಿನ ಶಕ್ತಿಯನ್ನು ಎರಡು ಚಕ್ರಕ್ಕೆ ಹಂಚುವ ಗೇರ್ ಪೆಟ್ಟಿಗೆ) ಚಾಸಿಗೆ ಕೂತಿರುತ್ತದೆ. ಅದರಿಂದ ಎರಡು ಕಡೆಗೂ ಒಂದೊಂದು ಶಾಫ್ಟ್ ಚಕ್ರಕ್ಕೆ ಹೋಗುತ್ತದೆ. ಶಾಫ್ಟ್ ಒಳಗೆ ಹೊಕ್ಕುವ ಬಾಯಲ್ಲಿ ಆಯಿಲ್ ಹೊರಗೆ ಬಾರದ ಹಾಗೆ ತಡೆಯುವುದೇ ಈ ಸೀಲ್. ಶಾಫ್ಟಿನ ಇನ್ನೊಂದು ತುದಿ ಚಕ್ರದ ಹಿಂದಿರುವ ನಕಲ್ (ಚಕ್ರವನ್ನು ಹೊತ್ತು ತಿರುಗುವ ಲೋಹದ ಭಾಗ) ಒಳಗೆ ಹೋಗುತ್ತದೆ. ಚಾಸಿಯಿಂದ ಚಕ್ರದ ಕಡೆಗೆ ಮೇಲೊಂದು, ಕೆಳಗೊಂದು ಆರ್ಮ್ (ಕಬ್ಬಿಣದ ತೋಳು) ಬರುತ್ತದೆ, ಆ ನಕಲನ್ನು ಅವಕ್ಕೆ ಮೇಲೆ ಒಂದು, ಕೆಳಗೆ ಒಂದು ಬಾಲ್ ಜಾಯಿಂಟ್ ಹಿಡಿದುಕೊಂಡಿರುತ್ತದೆ. ಶಾಫ್ಟ್ ಎಳೆಯಬೇಕಾದರೆ ನಕಲ್ ಪಕ್ಕಕ್ಕೆ ಸರಿಯಬೇಕು, ಅದಕ್ಕೆ ಬಾಲ್ ಜಾಯಿಂಟ್ ಬಿಚ್ಚಬೇಕು. ಅಂದರೆ ಸೀಲ್ ಹಾಕುವಾಗ ಮೆಕ್ಯಾನಿಕ್ ಕೈ ಹೇಗೂ ಅಲ್ಲೇ ಇರುತ್ತದೆ. ಆರು ತಿಂಗಳು ಬಿಟ್ಟು ಬಾಲ್ ಜಾಯಿಂಟ್ ಹಾಕಿಸಿದರೆ ಮತ್ತೆ ಅದೇ ಚಕ್ರ, ಅದೇ ಕ್ಯಾಲಿಪರ್ (ಬ್ರೇಕ್ ಹಿಡಿಯುವ ಭಾಗ), ಅದೇ ಟೈ ರಾಡ್ (ಸ್ಟಿಯರಿಂಗಿನಿಂದ ಚಕ್ರಕ್ಕೆ ಬರುವ ಸಲಾಕೆ) ಬಿಚ್ಚಿಸಿ ಅಲೈನ್‌ಮೆಂಟನ್ನೂ ಹೊಸತಾಗಿ ಮಾಡಿಸಬೇಕು. ಹಾಗಾಗಿ ಮೆಕ್ಯಾನಿಕ್ ಹೇಳಿದ್ದರಲ್ಲಿ ಅರ್ಥ ಇಲ್ಲದಿಲ್ಲ. (ಟೂ ವೀಲ್ ಡ್ರೈವ್ ಪಿಕಪ್ ಇರುವವರಿಗೆ ಒಂದು ಮಾತು: ನಿಮ್ಮ ಗಾಡಿಯಲ್ಲಿ ಮುಂದೆ ಡಿಫರೆನ್ಷಿಯಲ್ಲೇ ಇಲ್ಲ, ಈ ಸೀಲೂ ಇಲ್ಲ. ಅಲ್ಲಿ ಒದ್ದೆ ಕಂಡರೆ ಅದು ಬ್ರೇಕ್ ಆಯಿಲ್, ಶಾಕ್ ಅಬ್ಸಾರ್ಬರ್ ಅಥವಾ ಹಬ್ ಗ್ರೀಸ್.)

ಸೋರುತ್ತಿರುವುದು ಗೇರ್ ಆಯಿಲ್ಲೇ ಅಂತ ಖಾತ್ರಿ ಮಾಡಿಕೊಳ್ಳಿ. ಬೆರಳಿಗೆ ಹಚ್ಚಿ ಮೂಸಿದರೆ ಗಂಧಕದ ಘಾಟು ಮೂಗಿಗೆ ಬಡಿಯುತ್ತದೆ. ಕಪ್ಪಗೆ, ದಪ್ಪಗೆ, ಸುತ್ತಲೂ ಚಿಮ್ಮಿದ ಹಾಗೆ ಅಂಟಿದ್ದರೆ ಅದು ಶಾಫ್ಟಿನ ಬೂಟು ಹರಿದು ಹೊರಗೆ ಬಂದ ಗ್ರೀಸ್. ಅದು ಬೇರೆಯೇ ಕೆಲಸ.

ಇನ್ನು ಬಾಲ್ ಜಾಯಿಂಟ್. ಗಾಡಿ ಸಮ ನೆಲದಲ್ಲಿರಲಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಡಿ. ಜಾಕಿಯನ್ನು ಚಾಸಿಗೆ ಕೊಡಬೇಡಿ, ಕೆಳಗಿನ ಆರ್ಮ್‌ನ ತುದಿಗೆ ಕೊಡಿ. ಈ ಗಾಡಿಗಳಲ್ಲಿ ಸ್ಪ್ರಿಂಗಿನ ಭಾರ ಕೆಳಗಿನ ಆರ್ಮ್ ಮೇಲೆ ಇರುತ್ತದೆ. ಚಾಸಿ ಎತ್ತಿದರೆ ಆ ಸ್ಪ್ರಿಂಗ್ ಜಾಯಿಂಟನ್ನು ಬಿಗಿದೇ ಇಡುತ್ತದೆ, ಸವೆದ ಜಾಯಿಂಟೂ ಗಟ್ಟಿ ಇರುವ ಹಾಗೆ ಕಾಣುತ್ತದೆ. ಚಾಸಿ ಅಡಿಗೆ ಸ್ಟ್ಯಾಂಡ್ ಇಟ್ಟುಕೊಳ್ಳಿ. ನಮ್ಮ ಊರಲ್ಲಿ ಕೈಗೆ ಸಿಗುವುದು ಕೆಂಪು ಕಲ್ಲು, ಅದನ್ನು ಚಕ್ರಕ್ಕೆ ಅಡ್ಡ ಇಡಿ, ಸಾಕು. ಅದರ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ಹೋಗಬೇಡಿ. ಭಾರಕ್ಕೆ ಒಮ್ಮೆಲೇ ಒಡೆಯುತ್ತದೆ.

ಟೈರನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಟಕ್ ಅಂದರೆ ಮನೆಯವರ ಹತ್ತಿರ ಬ್ರೇಕ್ ಒತ್ತಲು ಹೇಳಿ, ಮತ್ತೆ ಅಲ್ಲಾಡಿಸಿ. ಆಟ ಹೋದರೆ ಅದು ವೀಲ್ ಬೇರಿಂಗ್. ಬ್ರೇಕ್ ಒತ್ತಿದರೂ ಆಟ ಇದ್ದರೆ ಬಾಲ್ ಜಾಯಿಂಟ್. 3 ಮತ್ತು 9ರ ಜಾಗದಲ್ಲಿ ಮಾತ್ರ ಆಟ ಕಂಡರೆ ಟೈ ರಾಡ್ ಎಂಡ್ ನೋಡಿ. ಕೊನೆಗೆ ಟೈರ್ ಅಡಿಗೆ ಉದ್ದದ ಸಲಾಕೆ ತೂರಿಸಿ ಮೇಲಕ್ಕೆ ಎತ್ತಿ. ಆಗ ಇನ್ನೊಬ್ಬರು ಜಾಯಿಂಟಿನ ಮೇಲೆ ಬೆರಳಿಟ್ಟರೆ ಒಳಗಿನ ಕುಣಿತ ಕೈಗೇ ಗೊತ್ತಾಗುತ್ತದೆ. ಬೂಟು ಹರಿದಿದ್ದರೆ ಆಟ ಇರಲಿ ಬಿಡಲಿ, ಆ ಜಾಯಿಂಟಿನ ಆಯುಷ್ಯ ಮುಗಿಯಿತು. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ ಹರಿದ ಬೂಟಿನಲ್ಲಿ ಗ್ರೀಸ್ ಎಲ್ಲಿ ನಿಲ್ಲುತ್ತದೆ? ಮಲ್ಪೆ, ಮಂಗಳೂರಿನ ದಕ್ಕೆಗೆ ಹೋಗಿ ಬರುವ ಗಾಡಿಗಾದರೆ ಉಪ್ಪುನೀರು ಬೇರೆ.

ಈಗ ಆ ಕೊನೆಯ ಸಾಲಿಗೆ ಬರುತ್ತೇನೆ. ಇದು ನನಗೂ ಆಗಿದೆ. ಅಡಿಕೆ ತೋಟಕ್ಕೆ ಗೊಬ್ಬರ ಸಾಗಿಸುವ ಗಾಡಿ, ದಾರಿಯಲ್ಲಿ ಒಂದು ತೋಡು ದಾಟಬೇಕು. ಒಂದೇ ವರ್ಷದಲ್ಲಿ ಎರಡು ಸಲ ಸೀಲ್ ಹಾಕಿಸಿದೆ. ಮೂರನೇ ಸಲ ಉಡುಪಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಸೀಲನ್ನು ನೋಡಲೇ ಇಲ್ಲ. ಡಿಫರೆನ್ಷಿಯಲ್ ಮೇಲಿನ ಸಣ್ಣ ರಬ್ಬರ್ ಪೈಪನ್ನು ಕಿತ್ತು ನನ್ನ ಕೈಗೆ ಕೊಟ್ಟು ‘ಊದಿ’ ಅಂದರು. ಕೆನ್ನೆ ಉಬ್ಬಿತೇ ಹೊರತು ಗಾಳಿ ಹೋಗಲಿಲ್ಲ. ತಂತಿ ಹಾಕಿ ಕೆದಕಿದಾಗ ಒಳಗಿಂದ ಬೆರಳುದ್ದದ ಕೆಂಪು ಮಣ್ಣಿನ ಕಡ್ಡಿ ಬಂತು, ಬಿಸಿಲಿಗೆ ಒಣಗಿದ ಇಟ್ಟಿಗೆ ಥರ.

ಆ ಪೈಪಿನ ಹೆಸರು ಬ್ರೀದರ್. ಗಾಡಿ ಓಡಿದಾಗ ಒಳಗಿನ ಆಯಿಲ್ ಬಿಸಿಯಾಗುತ್ತದೆ, ಗಾಳಿ ಹಿಗ್ಗುತ್ತದೆ. ಅದು ಬ್ರೀದರ್‌ನಿಂದ ಹೊರಗೆ ಹೋಗಬೇಕು. ದಾರಿ ಕಟ್ಟಿದರೆ ಒತ್ತಡ ಬೀಳುವುದು ಸೀಲಿನ ತುಟಿಯ ಮೇಲೆ. ಇದಕ್ಕಿಂತ ಕೆಟ್ಟದ್ದು ಉಲ್ಟಾ ಆಗುವುದು. ಬಿಸಿ ಡಿಫರೆನ್ಷಿಯಲ್ ತೋಡಿನ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಆಯಿಲ್ ತೆಗೆದಾಗ ಹಾಲು ಹಾಕಿದ ಚಾದ ಬಣ್ಣ ಇದ್ದರೆ ನೀರು ಸೇರಿದೆ ಅಂತಲೇ ಅರ್ಥ. ಆಗ ಬೇರಿಂಗ್ ಹೋಗುವ ಮೊದಲು ಆಯಿಲ್ ಪೂರ್ತಿ ಬದಲಿಸಬೇಕು.

ಬ್ರೀದರ್ ಸರಿ ಇದ್ದರೆ ಶಾಫ್ಟ್ ನೋಡಿ. ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ, ಎಷ್ಟು ಹೊಸ ಸೀಲ್ ಹಾಕಿದರೂ ನಿಲ್ಲುವುದಿಲ್ಲ. ಶಾಫ್ಟ್ ಮೇಲೆ ಕೆಳಗೆ ಆಡಿದರೆ ಒಳಗಿನ ಬೇರಿಂಗ್ ಸವೆದಿದೆ.

ಕೆಲಸ ಮಾಡಿಸುವಾಗ ಹತ್ತಿರವೇ ನಿಲ್ಲಿ. ಆಯಿಲ್ ಇಳಿಸುವ ಮೊದಲು ತುಂಬಿಸುವ ಬೋಲ್ಟ್ ಬಿಚ್ಚಲು ಹೇಳಿ. ಮೊದಲೇ ಕೆಳಗಿನದ್ದು ಬಿಚ್ಚಿ, ಆಮೇಲೆ ಮೇಲಿನದ್ದು ತುಕ್ಕು ಹಿಡಿದು ಬಾರದೆ ಹೋದರೆ ಗಾಡಿ ಅಲ್ಲೇ ಬಾಕಿ. ಕ್ಯಾಲಿಪರನ್ನು ತಂತಿಯಲ್ಲಿ ನೇತು ಹಾಕಬೇಕು, ಬ್ರೇಕ್ ಪೈಪಿನಲ್ಲಿ ಜೋತು ಬೀಳಬಾರದು. ಹೊಸ ಸೀಲಿನ ತುಟಿಗೆ ಸ್ವಲ್ಪ ಆಯಿಲ್ ಸವರಿ, ಅದರ ಅಳತೆಯ ಸಾಕೆಟ್ ಇಟ್ಟು ಸುತ್ತಲೂ ಸಮನಾಗಿ ಬಡಿಯಬೇಕು. ಸುತ್ತಿಗೆಯಿಂದ ಒಂದು ಬದಿಗೆ ಕುಟ್ಟಿದರೆ ಸೀಲ್ ಓರೆಯಾಗಿ ಕೂತು ಮತ್ತೆ ಸೋರುತ್ತದೆ. ಶಾಫ್ಟನ್ನು ನೇರ ಹಿಡಿದು ಒಳಗೆ ಬಿಡಬೇಕು, ಅದರ ಹಲ್ಲು ತಾಗಿದರೂ ತುಟಿ ಹರಿಯುತ್ತದೆ. ಬಾಲ್ ಜಾಯಿಂಟಿನ ನಟ್ಟನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿಸಲಿ. ನಟ್ಟು ಸಡಿಲ ಆಗದಂತೆ ಹಾಕುವ ಸ್ಪ್ಲಿಟ್ ಪಿನ್‌ನ ತೂತು ಕೂಡಿ ಬರದಿದ್ದರೆ ನಟ್ಟನ್ನು ಇನ್ನೂ ಸ್ವಲ್ಪ ಬಿಗಿ ಮಾಡಿ ಕೂಡಿಸಬೇಕು, ಸಡಿಲ ಮಾಡಿ ಅಲ್ಲ. ಹಳೇ ಪಿನ್ ಮತ್ತೆ ಹಾಕುವುದು ಬೇಡ. ಆಯಿಲ್ ಗ್ರೇಡ್ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಮೇಲಿನ ತೂತಿನ ಅಂಚಿಗೆ ಬರುವಷ್ಟು ತುಂಬಿಸಿದರೆ ಸಾಕು. ಆಮೇಲೆ ವೀಲ್ ಅಲೈನ್‌ಮೆಂಟ್ ಬಿಡಬೇಡಿ.

ಬ್ರೀದರ್ ಪೈಪನ್ನು ಉದ್ದ ಮಾಡಿಸಿ ಬಾನೆಟ್ ಅಡಿಯ ಎತ್ತರಕ್ಕೆ ಕಟ್ಟಿಸಿ. ದೊಡ್ಡ ಖರ್ಚೇನೂ ಇಲ್ಲ. ನಾನು ಹಾಗೆ ಮಾಡಿಸಿದ ಮೇಲೆ ನಾಲ್ಕು ಮಳೆಗಾಲ ಕಳೆಯಿತು, ಸೀಲ್ ಒದ್ದೆಯಾಗಿಲ್ಲ.

‘ದೀಪಾವಳಿವರೆಗೆ ತಳ್ಳಬಹುದಾ?’ ಅಂತ ನೀವು ಕೇಳಿಲ್ಲ, ಆದರೆ ಬಹಳ ಜನ ಕೇಳುತ್ತಾರೆ. ಸೀಲ್ ಬರೀ ಒದ್ದೆ ಇದ್ದರೆ, ಹದಿನೈದು ದಿನಕ್ಕೊಮ್ಮೆ ಆಯಿಲ್ ಮಟ್ಟ ನೋಡುತ್ತಾ, ನೀರಿಗೆ ಇಳಿಸದೆ ತಳ್ಳಬಹುದು. ಕೆಳಗಿನ ಬಾಲ್ ಜಾಯಿಂಟಲ್ಲಿ ಆಟ ಇದ್ದರೆ ಖಂಡಿತ ಬೇಡ. ಅದು ಕಳಚಿದರೆ ಚಕ್ರ ಹೊರಕ್ಕೆ ಮಲಗುತ್ತದೆ, ಸ್ಟಿಯರಿಂಗ್ ಕೈಯಲ್ಲಿದ್ದೂ ಇಲ್ಲದ ಹಾಗೆ. ಆ ಗಾಡಿಗೆ ಲೋಡು ಹಾಕಿ ಆಗುಂಬೆಯೋ ಶಿರಾಡಿಯೋ ಇಳಿಸಬೇಡಿ. ಅಂಗಳದಿಂದ ಹೊರಟರೆ ನೇರ ಗ್ಯಾರೇಜಿಗೆ, ಅದೂ ನಿಧಾನ.