ಕೊಳಚೆ ನೀರಿನ ಲ್ಯಾಬ್ ಸೇರುವವರಿಗೆ: ಮೊದಲು ಕೆಸರು ಸಾಕಲು ಕಲಿಯಿರಿ

ಕೊಳಚೆ ನೀರು ಶುದ್ಧ ಮಾಡುವ ಲ್ಯಾಬ್‌ಗೆ ಸೇರುವಾಗ ನಾನು ಸಮೀಕರಣಗಳನ್ನು ಓದಿಕೊಂಡು ಹೋಗಿದ್ದೆ. ಮೊದಲ ದಿನ ಕೈಗೆ ಸಿಕ್ಕಿದ್ದು ಬ್ರಷ್ ಮತ್ತು ಬಕೆಟ್. ಪಂಪಿನ ಪೈಪ್ ಒಳಗೆ ಕಟ್ಟಿಕೊಂಡಿದ್ದ ಲೋಳೆ ಉಜ್ಜಬೇಕಿತ್ತು. ಸ್ವಲ್ಪ ಬೇಜಾರಾಯಿತು, ನಿಜ. ಆದರೆ ಇಲ್ಲಿ ಸಂಶೋಧನೆ ಆಮೇಲೆ; ಮೊದಲು ರಿಯಾಕ್ಟರ್‌ನಲ್ಲಿರುವ, ಅಂದರೆ ಕೊಳಚೆ ನೀರು ಶುದ್ಧವಾಗುವ ತೊಟ್ಟಿಯಲ್ಲಿರುವ, ಕೆಸರನ್ನು ಸಾಯದಂತೆ ಸಾಕಬೇಕು. ಹಸು ಕಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆಸರಿಗೆ ಭಾನುವಾರ ಗೊತ್ತಿಲ್ಲ.

ಕೆಸರಿಗೆ ಯಾಕಿಷ್ಟು ಮರ್ಯಾದೆ?

1914ರಲ್ಲಿ ಮ್ಯಾಂಚೆಸ್ಟರ್‌ನ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ತಮ್ಮ ಪ್ರಯೋಗ ಪ್ರಕಟಿಸಿದರು. ಬಾಟಲಿಯಲ್ಲಿ ಕೊಳಚೆ ನೀರು ತುಂಬಿ ಗಾಳಿ ಊದಿದರು. ಅಮೋನಿಯ ಪೂರ್ತಿ ನೈಟ್ರೇಟ್ ಆಗಲು ಸುಮಾರು 5 ವಾರ ಹಿಡಿಯಿತು. ಅವರ ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. ತಿಳಿನೀರನ್ನು ಮಾತ್ರ ಬಸಿದು, ತಳದ ಕೆಸರನ್ನು ಹಾಗೇ ಉಳಿಸಿಕೊಂಡು, ಮತ್ತೆ ಹೊಸ ಕೊಳಚೆ ನೀರು ಹಾಕಿದರು. ಹೀಗೆ ಮಾಡುತ್ತಾ ಹೋದಂತೆ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಆ ಕೆಸರಿನ ತುಂಬ ಬ್ಯಾಕ್ಟೀರಿಯಾ. ನಾವು ಇವತ್ತು ಆಕ್ಟಿವೇಟೆಡ್ ಸ್ಲಜ್ ಅನ್ನುವುದು ಇದನ್ನೇ.

ಸಿಲಿಂಡರ್ ಮುಂದೆ ಅರ್ಧ ಗಂಟೆ

ಕಲಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. 1 ಲೀಟರ್ ಸಿಲಿಂಡರ್‌ಗೆ ರಿಯಾಕ್ಟರ್‌ನ ನೀರು ತುಂಬಿ, 30 ನಿಮಿಷ ಅಲುಗಿಸದೆ ಬಿಟ್ಟು, ಕೆಸರು ಎಷ್ಟಕ್ಕೆ ಇಳಿದಿದೆ ನೋಡಿ. 300 ಮಿಲಿಲೀಟರ್ ಬಂತು ಅಂದುಕೊಳ್ಳಿ. ಒಳ್ಳೆಯದೋ ಕೆಟ್ಟದ್ದೋ? ಇಷ್ಟರಿಂದಲೇ ಹೇಳಲು ಬರುವುದಿಲ್ಲ. ನೀರಿನಲ್ಲಿ ತೇಲುವ ಒಟ್ಟು ಘನವಸ್ತು, ಅಂದರೆ ಎಂಎಲ್‌ಎಸ್‌ಎಸ್ ಕೂಡ ಬೇಕು. ಅದು ಲೀಟರಿಗೆ 3000 ಮಿಲಿಗ್ರಾಂ ಇದ್ದರೆ, 300ನ್ನು 1000ದಿಂದ ಗುಣಿಸಿ 3000ದಿಂದ ಭಾಗಿಸಿ: 100. ಇದೇ ಎಸ್‌ವಿಐ, ಕೆಸರು ಎಷ್ಟು ಚೆನ್ನಾಗಿ ತಳಕ್ಕೆ ಕೂರುತ್ತದೆ ಅನ್ನುವ ಅಳತೆ. ಈ ಕೆಸರು ಚೆನ್ನಾಗಿ ಕೂರುತ್ತಿದೆ. ಅದೇ ಎಂಎಲ್‌ಎಸ್‌ಎಸ್ 1500 ಇದ್ದರೆ ಎಸ್‌ವಿಐ 200. ಸಿಲಿಂಡರ್‌ನಲ್ಲಿ ಎರಡೂ ಒಂದೇ ಎತ್ತರ, ಆದರೆ ಎರಡನೆಯದು ಉಬ್ಬಿದ ಕೆಸರು. ನೂಲಿನಂಥ ಬ್ಯಾಕ್ಟೀರಿಯಾ ಜಾಸ್ತಿಯಾಗಿರಬಹುದು. ಮೈಕ್ರೋಸ್ಕೋಪ್ ಕಡೆ ಹೋಗಿ.

ದಿನಕ್ಕೆಷ್ಟು ತೆಗೆಯಬೇಕು?

ಹೊಸಬರು ಜಾಸ್ತಿ ಎಡವುವುದು ಇಲ್ಲಿ. ಕೆಸರು ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ದಿನವೂ ಸ್ವಲ್ಪ ಹೊರಗೆ ತೆಗೆಯಬೇಕು. 10 ಲೀಟರ್ ರಿಯಾಕ್ಟರ್‌ನಿಂದ ದಿನಕ್ಕೆ 1 ಲೀಟರ್ ಕಲಕಿದ ನೀರು ತೆಗೆದರೆ ಕೆಸರಿನ ವಯಸ್ಸು, ಅಂದರೆ ಅದು ಸರಾಸರಿ ಒಳಗೆ ಉಳಿಯುವ ಕಾಲ, ಸುಮಾರು 10 ದಿನ. ಇದನ್ನು ಎಸ್‌ಆರ್‌ಟಿ ಅನ್ನುತ್ತೇವೆ. (ತಿಳಿನೀರಿನ ಜೊತೆ ಹೋಗುವ ಕೆಸರನ್ನು ಈ ಲೆಕ್ಕದಲ್ಲಿ ಬಿಟ್ಟಿದ್ದೇನೆ. ಪ್ರಬಂಧದಲ್ಲಿ ಬಿಡಬೇಡಿ.) ದಿನಕ್ಕೆ 3 ಲೀಟರ್ ತೆಗೆದುಬಿಟ್ಟರೆ ವಯಸ್ಸು 3 ದಿನ ಚಿಲ್ಲರೆಗೆ ಇಳಿಯುತ್ತದೆ. ಅಮೋನಿಯ ತಿನ್ನುವ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವ ಜಾತಿ. ಬೆಳೆಯುವ ವೇಗಕ್ಕಿಂತ ತೆಗೆಯುವ ವೇಗ ಜಾಸ್ತಿಯಾದರೆ ಅವು ಕೊಚ್ಚಿಕೊಂಡು ಹೋಗುತ್ತವೆ.

ಇದಕ್ಕೂ ನಿಮ್ಮ ಕ್ಯಾಲೆಂಡರ್‌ಗೂ ಸಂಬಂಧ ಇದೆ. ಒಂದು ಬದಲಾವಣೆ ಮಾಡಿದ ಮೇಲೆ ರಿಯಾಕ್ಟರ್ ಸ್ಥಿರವಾಗಲು ಸಾಮಾನ್ಯವಾಗಿ 3 ಎಸ್‌ಆರ್‌ಟಿಯಷ್ಟಾದರೂ ಕಾಯುತ್ತಾರೆ. 10 ದಿನದ ಕೆಸರಿಗೆ 30 ದಿನ. ನಾಲ್ಕು ಸ್ಥಿತಿ ಹೋಲಿಸುತ್ತೇನೆ ಅಂದರೆ ಕಾಯುವುದಕ್ಕೇ 120 ದಿನ ಹೋಯಿತು, ಅಲ್ವಾ? ವಿಷಯ ಒಪ್ಪಿಕೊಳ್ಳುವ ಮೊದಲು ಗೈಡ್ ಎದುರೇ ಈ ಲೆಕ್ಕ ಹಾಕಿ.

ನನ್ನ ಸೋಡಾ ಪ್ರಸಂಗ

ರಿಯಾಕ್ಟರ್‌ಗೆ ಕೊಡುವ ಕೃತಕ ಕೊಳಚೆ ನೀರನ್ನು ಒಂದು ವಾರ ನಾನೇ ಕಲಸಿದೆ. ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್ ಹಾಕುವುದು ಮರೆತೆ. ಪಿಎಚ್ ಇಳಿಯಿತು, ಅಮೋನಿಯ ಹಾಗೇ ಹೊರಗೆ ಬಂತು. ನಾನು ಸುಮ್ನೆ ಗಾಳಿ ಜಾಸ್ತಿ ಮಾಡುತ್ತಾ ಕೂತೆ. 1 ಗ್ರಾಂ ಅಮೋನಿಯ ನೈಟ್ರೋಜನ್ ನೈಟ್ರೇಟ್ ಆಗಲು 4.57 ಗ್ರಾಂ ಆಮ್ಲಜನಕ ಬೇಕು ಅಂತ ಓದಿದ್ದು ನೆನಪಿತ್ತು. ಜೊತೆಗೆ 7.14 ಗ್ರಾಂ ಕ್ಷಾರೀಯತೆಯೂ (ಪಿಎಚ್ ಇಳಿಯದಂತೆ ತಡೆಯುವ ನೀರಿನ ಶಕ್ತಿ) ಖರ್ಚಾಗುತ್ತದೆ ಅನ್ನುವುದು ಮರೆತಿತ್ತು. ಇದು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. ಲೀಟರಿಗೆ 40 ಮಿಲಿಗ್ರಾಂ ನೈಟ್ರೋಜನ್ ಇದ್ದರೆ ಸುಮಾರು 286 ಮಿಲಿಗ್ರಾಂ ಕ್ಷಾರೀಯತೆ ಬೇಕು. ಸೋಡಾ ತೂಕದಲ್ಲಿ ಹೇಳಿದರೆ ಸುಮಾರು 480 ಮಿಲಿಗ್ರಾಂ. ಪಿಎಚ್ ಕುಸಿಯಬಾರದು ಅಂದರೆ ಇದರ ಮೇಲೆ ಇನ್ನಷ್ಟು ಉಳಿದಿರಬೇಕು.

ಬಿಒಡಿ, ಸಿಒಡಿ

ನೀರಿನ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗೆ ಎಷ್ಟು ಆಮ್ಲಜನಕ ಬೇಕು ಅನ್ನುವುದೇ ಬಿಒಡಿ. ಅದರ ಬಾಟಲಿ 20 ಡಿಗ್ರಿಯಲ್ಲಿ 5 ದಿನ ಕತ್ತಲೆಯಲ್ಲಿರಬೇಕು. ಮಂಗಳವಾರ ಇಟ್ಟರೆ ಭಾನುವಾರ ನೀವೇ ಬಂದು ತೆಗೆಯಬೇಕು! ಬುಧವಾರದಿಂದ ಶುಕ್ರವಾರದೊಳಗೆ ಇಡಿ. ಐದು ದಿನದಲ್ಲಿ ಆಮ್ಲಜನಕ ಲೀಟರಿಗೆ ಕನಿಷ್ಠ 2 ಮಿಲಿಗ್ರಾಂ ಇಳಿದಿರಬೇಕು, ಕನಿಷ್ಠ 1 ಮಿಲಿಗ್ರಾಂ ಉಳಿದಿರಬೇಕು. ಇಲ್ಲದಿದ್ದರೆ ಮಾದರಿಗೆ ನೀರು ಬೆರೆಸಿದ ಅಳತೆ ತಪ್ಪಿದೆ ಎಂದರ್ಥ. ಅದಕ್ಕೇ ಎರಡು ಮೂರು ಅಳತೆಯಲ್ಲಿ ಬಾಟಲಿ ಇಡುತ್ತಾರೆ.

ಕೊಳೆಯನ್ನು ಬ್ಯಾಕ್ಟೀರಿಯಾ ಬದಲು ರಾಸಾಯನಿಕದಿಂದ ಸುಟ್ಟು ಅಳೆಯುವುದು ಸಿಒಡಿ. ಅದಕ್ಕೆ 150 ಡಿಗ್ರಿಯಲ್ಲಿ 2 ಗಂಟೆ ಸಾಕು. ಆದರೆ ಆ ಪುಟ್ಟ ಸೀಸೆಯಲ್ಲಿ ಗಂಧಕಾಮ್ಲ, ಕ್ರೋಮಿಯಂ, ಪಾದರಸ ಎಲ್ಲ ಇವೆ. ಮಾದರಿ ಹಾಕಿದ ಕೂಡಲೇ ಸೀಸೆ ಬಿಸಿಯಾಗುತ್ತದೆ, ಮುಚ್ಚಳ ಹಿಡಿದು ಅಲುಗಿಸಿ. ಕೆಲಸ ಮುಗಿದ ಮೇಲೆ ಸಿಂಕ್‌ಗೆ ಸುರಿಯಬೇಡಿ. ನೀರು ಶುದ್ಧ ಮಾಡುವ ಲ್ಯಾಬ್‌ನಿಂದಲೇ ಪಾದರಸ ಚರಂಡಿಗೆ ಹೋಗುವುದು ಎಂಥ ತಮಾಷೆ! ಕೈ ಕುದುರಿದೆಯೇ ಎಂದು ನೋಡಲು ಪೊಟ್ಯಾಸಿಯಂ ಹೈಡ್ರೋಜನ್ ಥಾಲೇಟ್ ಬಳಸಿ: ಲೀಟರಿಗೆ 425 ಮಿಲಿಗ್ರಾಂ ಕರಗಿಸಿದರೆ ಸಿಒಡಿ 500 ಬರಬೇಕು. ನನಗೆ ಮೊದಲ ಸಲ 430 ಬಂತು. ಪಿಪೆಟ್ ತುದಿಯಲ್ಲಿ ಗುಳ್ಳೆ ಕೂತಿತ್ತು.

ಮೈ ಜೋಪಾನ

ಟೆಟನಸ್, ಹೆಪಟೈಟಿಸ್ ಲಸಿಕೆಗಳ ಬಗ್ಗೆ ಸೇರುವ ಮೊದಲೇ ಕೇಳಿ. ಗಾಯ ಇದ್ದರೆ ಮುಚ್ಚಿಕೊಳ್ಳಿ. ಗ್ಲೌಸ್ ಹಾಕಿದ ಕೈಯಲ್ಲಿ ಫೋನ್ ಮುಟ್ಟಬೇಡಿ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ವಿಷಯದಲ್ಲಿ ಮೂಗನ್ನು ನಂಬಬೇಡಿ. ಅನಿಲ ಜಾಸ್ತಿಯಾದಾಗ ವಾಸನೆಯೇ ತಿಳಿಯದಂತಾಗುತ್ತದೆ. ಮಾದರಿ ತರಲು ಪ್ಲಾಂಟ್‌ಗೆ ಒಬ್ಬರೇ ಹೋಗಬೇಡಿ.

ಸೇರುವ ಮಾತುಕತೆಯಲ್ಲಿ

ರಜಾದಿನ ರಿಯಾಕ್ಟರ್ ನೋಡಿಕೊಳ್ಳುವ ಸರದಿ ಹೇಗೆ? ಕೈಹಿಡಿದು ಕಲಿಸುವ ಸೀನಿಯರ್ ಯಾರು? ಈ ಎರಡು ಪ್ರಶ್ನೆ ಸಾಕು. ಆಮೇಲೆ ಹಳೆಯ ಲಾಗ್ ಪುಸ್ತಕ ಕೇಳಿ ತೆಗೆದುಕೊಂಡು ಓದಿ. ಗ್ರಾಫ್‌ನಲ್ಲಿ ಅರ್ಥವಾಗದ ಒಂದು ಏರಿಳಿತಕ್ಕೆ ನಾನು ಎರಡು ದಿನ ಕಾರಣ ಹುಡುಕಿದ್ದೆ. ಲಾಗ್ ಪುಸ್ತಕದಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದರು: ರಾತ್ರಿ ಕರೆಂಟ್ ಹೋಗಿತ್ತು, ಏರ್ ಪಂಪ್ ಬೆಳಗ್ಗೆ ಮತ್ತೆ ಹಾಕಿದೆ.