ಜಾಗಕ್ಕೊಂದು ದರ, ಕಟ್ಟಡಕ್ಕೊಂದು ದರ: ಪಿಟ್ಸ್‌ಬರ್ಗ್‌ನ ಆಸ್ತಿ ತೆರಿಗೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸಂವಿಧಾನದ ಪ್ರಕಾರ ಒಂದೇ ವರ್ಗದ ಆಸ್ತಿಗೆ ಒಂದೇ ಸಮನಾದ ತೆರಿಗೆ ಇರಬೇಕು. ಮನೆಗೆ ಕಡಿಮೆ, ಅಂಗಡಿಗೆ ಹೆಚ್ಚು ಅನ್ನುವಂತಿಲ್ಲ. 1913ರ ಕಾನೂನು ಪಿಟ್ಸ್‌ಬರ್ಗ್‌ಗೆ ಬೇರೆ ದಾರಿ ತೆರೆಯಿತು: ಜಾಗಕ್ಕೊಂದು ದರ, ಅದರ ಮೇಲಿನ ಕಟ್ಟಡಕ್ಕೆ ಅದಕ್ಕಿಂತ ಕಡಿಮೆ ದರ. ಕಟ್ಟಡದ ದರ ಹಂತಹಂತವಾಗಿ ಇಳಿದು 1925ರಲ್ಲಿ ಜಾಗದ ದರದ ಅರ್ಧಕ್ಕೆ ಬಂತು. ಈ ಅನುಪಾತ ಗೊತ್ತುಮಾಡಿದ್ದು ರಾಜ್ಯ. 1976ರಲ್ಲಿ ನಗರದ ಸ್ವಯಮಾಡಳಿತ ಸನ್ನದು (ತನ್ನ ಆಡಳಿತವನ್ನು ತಾನೇ ನಡೆಸಿಕೊಳ್ಳುವ ಅಧಿಕಾರಪತ್ರ) ಜಾರಿಯಾದ ಮೇಲೆ ಆ ಕಟ್ಟು ಸಡಿಲವಾಯಿತು. 1979–80ರಲ್ಲಿ ಜಾಗದ ದರ ಕಟ್ಟಡದ ದರದ ಐದು ಪಟ್ಟು ದಾಟಿತು.

ಇದರ ಪರಿಣಾಮ ತಿಳಿಯಲು ಒಂದು ಲೆಕ್ಕ ಮಾಡಿ ನೋಡಿ. ಅಲ್ಲಿ ದರವನ್ನು ಮಿಲ್‌ಗಳಲ್ಲಿ ಹೇಳುತ್ತಾರೆ. ಒಂದು ಮಿಲ್ ಅಂದರೆ ಸಾವಿರ ಡಾಲರ್ ಮೌಲ್ಯಕ್ಕೆ ಒಂದು ಡಾಲರ್. ಅಕ್ಕಪಕ್ಕದ ಎರಡು ಸೈಟು, ಎರಡರ ಜಾಗದ ಬೆಲೆಯೂ 20,000 ಡಾಲರ್. ಒಂದು ಖಾಲಿ, ಇನ್ನೊಂದರಲ್ಲಿ 80,000 ಡಾಲರಿನ ಮನೆ. ಎಲ್ಲಕ್ಕೂ 10 ಮಿಲ್ ಹಾಕಿದರೆ ಖಾಲಿ ಸೈಟಿಗೆ 200, ಮನೆಯವರಿಗೆ 1,000. ಜಾಗಕ್ಕೆ 20, ಕಟ್ಟಡಕ್ಕೆ 5 ಮಿಲ್ ಮಾಡಿದರೆ ಖಾಲಿ ಸೈಟಿಗೆ 400, ಮನೆಯವರಿಗೆ 800. ನಗರಕ್ಕೆ ಬರುವ ಹಣ ಎರಡು ಸಲವೂ 1,200 ಡಾಲರೇ. ಸೈಟನ್ನು ಸುಮ್ಮನೆ ಇಟ್ಟುಕೊಂಡವರ ಹೊರೆ ಮಾತ್ರ ದುಪ್ಪಟ್ಟಾಯಿತು.

ಬೆಂಗಳೂರಿನಲ್ಲಿ 2008ರಲ್ಲಿ ಬಂದ ಪದ್ಧತಿಯಲ್ಲಿ ವಲಯ ಯಾವುದು, ಸ್ವಂತ ವಾಸವೋ ಬಾಡಿಗೆಯೋ ಎಂದು ನೋಡಿ, ಕಟ್ಟಿದ ಚದರಡಿಗೆ ದರ ಹಾಕುತ್ತಿದ್ದರು. ಇನ್ನೊಂದು ಮಹಡಿ ಎತ್ತಿದರೆ ಅದರ ಚದರಡಿಗೂ ಪೂರ್ತಿ ತೆರಿಗೆ. ಪಿಟ್ಸ್‌ಬರ್ಗ್ ಹಗುರ ಮಾಡಲು ಹೊರಟದ್ದು ಈ ಹೊರೆಯನ್ನೇ. ಅಲ್ಲೂ ಅದು ಪೂರ್ತಿ ಹಗುರಾಗಲಿಲ್ಲ, ಏಕೆಂದರೆ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮತ್ತು ಶಾಲಾ ತೆರಿಗೆಗಳಲ್ಲಿ ಜಾಗ, ಕಟ್ಟಡ ಎರಡಕ್ಕೂ ಒಂದೇ ದರವಿತ್ತು.

ಕಲಿಯುವವರು ಎಡವುವುದು ಮೌಲ್ಯಮಾಪನದಲ್ಲಿ. ಒಂದೇ ದರವಿದ್ದಾಗ ಒಟ್ಟು ಬೆಲೆ ಸರಿಯಿದ್ದರೆ ಸಾಕು. ಎರಡು ದರವಿದ್ದಾಗ ಆ ಒಟ್ಟನ್ನು ಜಾಗ, ಕಟ್ಟಡ ಎಂದು ಹೇಗೆ ಒಡೆದರು ಎಂಬುದೇ ಬಿಲ್ಲನ್ನು ತೀರ್ಮಾನಿಸುತ್ತದೆ. ಮೇಲಿನ ಮನೆಯನ್ನೇ ತೆಗೆದುಕೊಳ್ಳಿ. ಒಟ್ಟು ಒಂದು ಲಕ್ಷ ಹಾಗೇ ಇರಲಿ, ಜಾಗವನ್ನು 30,000, ಕಟ್ಟಡವನ್ನು 70,000 ಎಂದು ಬರೆಯಿರಿ. ತೆರಿಗೆ 600 ಮತ್ತು 350, ಒಟ್ಟು 950. ಮನೆಯಲ್ಲಿ ಒಂದು ಇಟ್ಟಿಗೆಯೂ ಕದಲಿಲ್ಲ, ಬಿಲ್ಲು 150 ಡಾಲರ್ ಏರಿತು!

ಪಿಟ್ಸ್‌ಬರ್ಗ್‌ನಲ್ಲಿ ದರ ನಗರದ ಕೈಯಲ್ಲಿ, ಮೌಲ್ಯ ಕಟ್ಟುವ ಕೆಲಸ ಅಲೆಘೆನಿ ಕೌಂಟಿಯದು. ಕೌಂಟಿ 2001ಕ್ಕೆ ಮರುಮೌಲ್ಯಮಾಪನ ಮಾಡಿದಾಗ ಹಲವು ಬಡಾವಣೆಗಳಲ್ಲಿ ಜಾಗದ ಬೆಲೆ ಒಮ್ಮೆಲೇ ಜಿಗಿಯಿತು. ಹೆಚ್ಚಿನ ದರ ಇದ್ದದ್ದೂ ಅದರ ಮೇಲೆಯೇ. ಮನೆ ಮಾಲೀಕರು ಸಿಟ್ಟಿಗೆದ್ದರು, ನಗರ ಅದೇ ವರ್ಷ ಎರಡು ದರಗಳನ್ನು ಕೈಬಿಟ್ಟು ಒಂದೇ ದರಕ್ಕೆ ಮರಳಿತು.