ಮೀನಿನ ಮೈಮೇಲೆ ಹುಟ್ಟುವ ಹೊಸ ಪಟ್ಟೆ

ಬಳ್ಳಾರಿಯ ಅಕ್ವೇರಿಯಂ ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಉದ್ದನೆಯ ರೆಕ್ಕೆ ಚಾಚಿ ತೇಲುವ ಬೆಳ್ಳಿ ಬಣ್ಣದ ಮೀನನ್ನು ಕಂಡ ವಿದ್ಯಾರ್ಥಿಗಳು, 'ಸರ್, ನೀವು ಸಮುದ್ರದಲ್ಲಿ ನೋಡುವ ಏಂಜೆಲ್ ಫಿಶ್ ಇದೇ ಅಲ್ಲವೇ?' ಎಂದು ಪ್ರತಿ ವರ್ಷವೂ ಕೇಳುತ್ತಾರೆ. ಹೆಸರು ಒಂದೇ ಆದರೂ ಇವೆರಡೂ ಬೇರೆ ಕುಟುಂಬದ ಮೀನುಗಳು. ಅಂಗಡಿಯದು ದಕ್ಷಿಣ ಅಮೆರಿಕದ ಸಿಹಿನೀರಿನದು; ಹವಳದ ದಿಬ್ಬದಲ್ಲಿರುವುದು ಸುಮಾರು 90 ಪ್ರಭೇದಗಳುಳ್ಳ ಪೊಮಕ್ಯಾಂತಿಡೇ ಕುಟುಂಬದ್ದು. ಅದನ್ನು ನೋಡಲು ಅದರಂತೆಯೇ ಇರುವ ಚಿಟ್ಟೆಮೀನಿನಿಂದ ಬೇರ್ಪಡಿಸಲು ಬಣ್ಣವನ್ನು ನಂಬಬಾರದು, ಕೆನ್ನೆಯನ್ನು ನೋಡಬೇಕು: ಕಿವಿರಿನ ಮುಚ್ಚಳದ ಬಳಿ ಹಿಂದಕ್ಕೆ ಚಾಚಿದ ಗಟ್ಟಿ ಮುಳ್ಳೊಂದು ಏಂಜೆಲ್ ಮೀನಿಗೆ ಇರುತ್ತದೆ, ಚಿಟ್ಟೆಮೀನಿಗೆ ಇರುವುದಿಲ್ಲ.

ಕೊಪ್ಪಳದಲ್ಲಿ ಪ್ರಾಣಿಶಾಸ್ತ್ರ ಬೋಧಿಸುತ್ತ, ರಜೆಯಲ್ಲಿ ಅಂಡಮಾನಿನಲ್ಲಿ ಸ್ಕೂಬಾ ಡೈವಿಂಗ್ ಮಾಡುವ ನನ್ನನ್ನು ಅತಿ ಹೆಚ್ಚು ಹಿಡಿದು ನಿಲ್ಲಿಸಿದ್ದು ಎಂಪರರ್ ಏಂಜೆಲ್ ಮೀನು. ಸುಮಾರು 40 ಸೆಂ.ಮೀ. ವರೆಗೆ ಬೆಳೆಯುವ ಇದರ ಮೈಮೇಲೆ ಹಳದಿ ಮತ್ತು ನೀಲಿ ಪಟ್ಟೆಗಳು ಅಡ್ಡಲಾಗಿ ಓಡುತ್ತವೆ. ಇದರ ಮರಿಯಾದರೋ ಕಡುನೀಲಿ; ಬಾಲದ ಕಡೆಗೆ ಕೇಂದ್ರವಿರುವ ಬಿಳಿ ವೃತ್ತಗಳು ಅದರ ಮೈಮೇಲೆ ಒಂದರೊಳಗೊಂದು ಕೂತಿರುತ್ತವೆ. ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೂ ತಾಯಿ ಮಗು ಎಂದು ಹೇಳಲಾಗದು, ಹಿಂದಿನ ಪ್ರಾಣಿಶಾಸ್ತ್ರಜ್ಞರೇ ಮರಿಯನ್ನು ಬೇರೊಂದು ಪ್ರಭೇದವೆಂದು ಬರೆದಿಟ್ಟಿದ್ದರು. ತನ್ನ ಜಾಗವನ್ನು ಬಿಟ್ಟುಕೊಡದ ದೊಡ್ಡ ಮೀನು ತನ್ನಂತೆ ಕಾಣದ ಮರಿಯನ್ನು ಅಟ್ಟಿಸಿಕೊಂಡು ಹೋಗದಿರಲಿ ಎಂಬುದಕ್ಕೆ ಈ ವೇಷ ಎಂಬ ವಿವರಣೆಯೊಂದಿದೆ. ನನಗೆ ಅದು ಒಪ್ಪುವಂತೆಯೇ ತೋರುತ್ತದೆ.

ಪಟ್ಟೆಗಳ ವಿಷಯ ಇದಕ್ಕಿಂತಲೂ ಆಳವಾದುದು. ನಮ್ಮ ಕಿನ್ನಾಳದ ಚಿತ್ರಗಾರರು ಗೊಂಬೆಯ ಮೇಲೆ ಎಳೆದ ಗೆರೆ ಎಳೆದಷ್ಟೇ ಇರುತ್ತದೆ, ಏಕೆಂದರೆ ಮರದ ಗೊಂಬೆ ಬೆಳೆಯುವುದಿಲ್ಲ. ಮೀನು ಬೆಳೆಯುತ್ತದೆ. ಬೆಳೆದಂತೆ ಅದರ ಪಟ್ಟೆಗಳೂ ಹಿಗ್ಗಬೇಕಿತ್ತಲ್ಲವೇ? ಹಾಗಾಗುವುದಿಲ್ಲ. ಸೆಮಿಸರ್ಕುಲೇಟಸ್ ಎಂಬ ಏಂಜೆಲ್ ಮೀನಿನ ಮರಿ 2 ಸೆಂ.ಮೀ.ಗಿಂತ ಚಿಕ್ಕದಿದ್ದಾಗ ಅದಕ್ಕೆ ಮೂರೇ ಪಟ್ಟೆಗಳಿರುತ್ತವೆ, 4 ಸೆಂ.ಮೀ. ಆಗುವ ಹೊತ್ತಿಗೆ ಅವುಗಳ ನಡುವೆ ಹೊಸ ಪಟ್ಟೆಗಳು ಮೂಡಿ, ಅಂತರ ಮತ್ತೆ ಮೊದಲಿನಷ್ಟಕ್ಕೇ ಬರುತ್ತದೆ. ದೊಡ್ಡ ಎಂಪರರ್ ಮೀನಿನಲ್ಲಿ ಪಟ್ಟೆಯ ಕವಲು ಜಿಪ್ ಬಿಚ್ಚಿದಂತೆ ಸರಿಯುತ್ತ ಹೋಗಿ, ಒಂದಿದ್ದ ಗೆರೆ ಎರಡಾಗುತ್ತದೆ. ಇದನ್ನು 1995ರಲ್ಲಿ ಜಪಾನಿನ ಶಿಗೆರು ಕೊಂಡೊ ಮತ್ತು ಅವರ ಸಂಗಡಿಗ ಅಸಾಯಿ ತೋರಿಸಿಕೊಟ್ಟರು. ಎರಡು ರಾಸಾಯನಿಕಗಳು ಪರಸ್ಪರ ವರ್ತಿಸುತ್ತ ಬೇರೆ ಬೇರೆ ವೇಗದಲ್ಲಿ ಹರಡಿದರೆ, ಯಾರೂ ಬರೆಯದೆಯೇ ಪಟ್ಟೆ ಚುಕ್ಕೆಗಳು ತಾವಾಗಿ ಮೂಡಬಲ್ಲವು ಎಂದು ಗಣಿತಜ್ಞ ಅಲನ್ ಟ್ಯೂರಿಂಗ್ 1952ರಲ್ಲಿ ಮಾಡಿದ್ದ ಲೆಕ್ಕಕ್ಕೆ ಜೀವಂತ ಚರ್ಮದ ಮೇಲೆ ಸಿಕ್ಕ ಬೆಂಬಲ ಇದು. ಕವಲೊಡೆದ ಪಟ್ಟೆಯೊಂದನ್ನು ನೀರಿನಡಿಯಲ್ಲಿ ಕಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಕವಲು ಕಾಣಬೇಕಾದರೆ ಹತ್ತಿರದಿಂದ, ಬಹಳ ಹೊತ್ತು ನೋಡಬೇಕು. ತುಂಗಭದ್ರೆಯ ಕೆಂಪು ನೀರಿನಲ್ಲಿ ಈಜು ಕಲಿತ ನಮ್ಮ ಕಡೆಯ ಹುಡುಗರು ಮೊದಲ ಸಲ ತಿಳಿನೀರಿಗೆ ಇಳಿದಾಗ ಸಂತೋಷದಿಂದ ಮೀನಿನ ಬೆನ್ನು ಹತ್ತುತ್ತಾರೆ. ಮೀನು ಬಂಡೆಯ ಸಂದಿಗೆ ನುಗ್ಗಿ, ಒಮ್ಮೊಮ್ಮೆ ಗುದ್ದಿದಂತಹ ಸದ್ದು ಹೊರಡಿಸಿ ಮರೆಯಾಗುತ್ತದೆ. ಬೆನ್ನಟ್ಟಬೇಡಿ. ತೇಲಲು ತೊಟ್ಟ ಜಾಕೆಟ್ಟಿನ ಗಾಳಿಯನ್ನೂ ಉಸಿರನ್ನೂ ಹದಗೊಳಿಸಿಕೊಂಡು, ಹವಳಕ್ಕೆ ಕೈಯಾಗಲಿ ಕಾಲಿಗೆ ತೊಟ್ಟ ಫಿನ್ ಆಗಲಿ ತಾಗದಂತೆ ಒಂದೇ ಎತ್ತರದಲ್ಲಿ ತೇಲುತ್ತ, ಮೀನು ಸ್ಪಂಜು ಎಂಬ ಸಮುದ್ರಜೀವಿಯನ್ನು ಕಚ್ಚಿ ತಿನ್ನಲು ಮರಳಿ ಬರುವವರೆಗೂ ಕಾಯಿರಿ. ಉಸಿರನ್ನು ಮಾತ್ರ ಎಂದೂ ಬಿಗಿಹಿಡಿಯಬಾರದು; ಹಾಗೆಯೇ ಮೇಲೇರಿದರೆ ಹಿಗ್ಗುವ ಗಾಳಿ ಶ್ವಾಸಕೋಶವನ್ನೇ ಹರಿಯಬಲ್ಲದು.

10 ಮೀಟರ್ ಆಳದಲ್ಲಿ ಕೆಂಪು ಬಣ್ಣವನ್ನು ನೀರು ಬಹುಮಟ್ಟಿಗೆ ಹೀರಿಕೊಂಡಿರುತ್ತದೆಯಾದರೂ ನೀಲಿ ಹಳದಿಗಳು ಉಳಿದಿರುತ್ತವೆ. ಆದ್ದರಿಂದ ಪಟ್ಟೆ ಎಣಿಸಲು ಟಾರ್ಚ್ ಬೇಕಾಗುವುದಿಲ್ಲ. ಸ್ಲೇಟಿನ ಮೇಲೆ ಮೀನಿನ ಚಿತ್ರ ಬರೆದುಕೊಂಡು ಎಡಮೈಯ ಕವಲುಗಳನ್ನು ಮೊದಲು ಗುರುತಿಸಿ, ಅದು ತಿರುಗಿದಾಗ ಬಲಮೈಯನ್ನು ನೋಡಿರಿ: ಎರಡು ಬದಿಯ ಕವಲುಗಳು ಒಂದಕ್ಕೊಂದು ಹೊಂದುವುದಿಲ್ಲ.